ಧರೆಯ ಕರ್ಣಕುಂಡಲವನ್ನು ದೀಪಾವಳಿಯವರೆಗೆ ಕೊಚ್ಚಬೇಡಿ

ಚೌತಿ ಮುಗಿಯಿತು. ಹುಬ್ಬೆ ಮಳೆ ಬಿಟ್ಟು ಬಿಟ್ಟು ಹೊಯ್ಯುತ್ತಿದೆ. ಈ ದಿನಗಳಲ್ಲಿ ಶಿರಸಿಯಿಂದ ಸಿದ್ದಾಪುರದ ಕಡೆಗೋ ದೇವಿಮನೆ ಘಟ್ಟ ಇಳಿದು ಕುಮಟಾದ ಕಡೆಗೋ ಹೊರಟವರು ರಸ್ತೆಯ ಪಕ್ಕದ ಧರೆಯನ್ನು, ಅಂದರೆ ಕಡಿದಾದ ಮಣ್ಣಿನ ಏರಿಯನ್ನು, ನೋಡುತ್ತ ಹೋದರೆ, ಮರದ ನೆರಳು ಬಿದ್ದು ನೀರು ಒಸರುವ ಜಾಗದಲ್ಲೆಲ್ಲ ಮೊಣಕಾಲೆತ್ತರದ, ನೀರು ತುಂಬಿಕೊಂಡಂತಿರುವ ಕಾಂಡದ ಗಿಡಗಳು ತಿಳಿಗುಲಾಬಿ ಹೂ ಬಿಟ್ಟುಕೊಂಡು ನಿಂತಿರುವುದು ಕಾಣುತ್ತದೆ. ಅದೇ ಕರ್ಣಕುಂಡಲ. ನಮ್ಮ ಹಿತ್ತಿಲಿನಲ್ಲಿ, ತೋಟದ ಅಂಚಿನಲ್ಲಿ, ಹಲಸಿನ ಮರದ ಬುಡದಲ್ಲಿ ಯಾರೂ ನೆಡದೆ ಹುಟ್ಟುವ ಈ ಗಿಡವನ್ನು ನಾವು ಕಳೆ ಎಂದು ಕೊಚ್ಚುತ್ತಿದ್ದೇವೆ. ಅದನ್ನು ಕೊಚ್ಚಬಾರದು, ಕನಿಷ್ಠ ದೀಪಾವಳಿಯವರೆಗೆ ಬಿಡಬೇಕು ಎಂದು ಕೇಳಿಕೊಳ್ಳುವುದಕ್ಕಾಗಿಯೇ ಇಷ್ಟು ಉದ್ದದ ಬರಹ.

ಮೊದಲು ಹೆಸರಿನ ವಿಷಯ. ಇದನ್ನು ಗೌರಿ ಹೂ ಎನ್ನುವವರೂ ಇದ್ದಾರೆ, ಆದರೆ ಅದೇ ಹೆಸರಿನಿಂದ ಬೆಂಕಿಯ ನಾಲಿಗೆಯಂತೆ ಅರಳುವ ಅಗ್ನಿಶಿಖೆಯ ಬಳ್ಳಿಯನ್ನು ಕರೆಯುವ ರೂಢಿಯೂ ಇರುವುದರಿಂದ ನಾನು ಇಲ್ಲಿ ಕರ್ಣಕುಂಡಲ ಎಂದೇ ಬರೆಯುತ್ತೇನೆ. ಹೂವನ್ನು ಪಕ್ಕದಿಂದ ನೋಡಿದವರಿಗೆ ಈ ಹೆಸರನ್ನು ವಿವರಿಸಬೇಕಾಗಿಲ್ಲ. ಎಲೆಯ ಕಂಕುಳಿನಿಂದ ಸಪೂರವಾದ ತೊಟ್ಟಿನಲ್ಲಿ ಇಳಿಬಿದ್ದು, ಹಿಂದಕ್ಕೆ ಬಾಗಿದ ಸಣ್ಣ ಬಾಲವನ್ನು ಚಾಚಿಕೊಂಡು ಅದು ತೂಗುವುದು ಕಿವಿಯ ಲೋಲಾಕಿನ ಹಾಗೆಯೇ. ಸಸ್ಯಶಾಸ್ತ್ರದವರು ಇಂಪೇಷನ್ಸ್ ಬಾಲ್ಸಮಿನಾ ಎನ್ನುತ್ತಾರೆ. ಲಿನೇಯಸ್ 1753ರಲ್ಲಿ ಕೊಟ್ಟ ಹೆಸರು ಇದು. ಇಂಪೇಷನ್ಸ್ ಎಂದರೆ ತಾಳ್ಮೆಯಿಲ್ಲದ್ದು ಎಂದರ್ಥ, ಏಕೆಂದರೆ ಬಲಿತ ಕಾಯಿಯನ್ನು ಮುಟ್ಟಿದರೆ ಸಾಕು, ಅದು ಸಿಡಿಯುತ್ತದೆ. ನಮ್ಮ ಊರಿನ ಮಕ್ಕಳಿಗೆ ಇದನ್ನು ಯಾವ ಪುಸ್ತಕವೂ ಕಲಿಸಬೇಕಾಗಿಲ್ಲ. ಶಾಲೆಯಿಂದ ಬರುವ ದಾರಿಯಲ್ಲಿ ಉಬ್ಬಿದ ಕಾಯಿಯನ್ನು ಹುಡುಕಿ ಎರಡು ಬೆರಳಿನಿಂದ ಒತ್ತಿ, ಅದು ಫಟ್ಟನೆ ಒಡೆದು ಸಿಪ್ಪೆ ಹುಳುವಿನಂತೆ ಸುರುಳಿ ಸುತ್ತಿಕೊಂಡಾಗ ಬೆಚ್ಚಿಬಿದ್ದು ನಕ್ಕವರೇ ನಾವೆಲ್ಲ.

ಬಾಲ್ಯದಲ್ಲಿ ಕಾಯಿಯನ್ನು ಅಷ್ಟು ನೋಡಿದ ನಾನು ಹೂವನ್ನು ಸರಿಯಾಗಿ ನೋಡಿದ್ದು ನಲವತ್ತು ದಾಟಿದ ಮೇಲೆ. ಒಂದು ಬೆಳಿಗ್ಗೆ ಮಳೆ ನಿಂತಿತ್ತು, ಬಿಸಿಲು ಇನ್ನೂ ಹಿತ್ತಿಲಿಗೆ ಇಳಿದಿರಲಿಲ್ಲ. ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳಿರುವ ಒಂದು ಕಾಡುಜೇನು ಗುಂಯ್ ಎನ್ನುತ್ತ ಬಂದು ಹೂವಿನ ಎದುರು ಗಾಳಿಯಲ್ಲೇ ಒಂದು ಕ್ಷಣ ನಿಂತು, ಆಮೇಲೆ ಕೆಳಗಿನ ದಳಗಳ ಮೇಲೆ ಕಾಲಿಟ್ಟು ಒಳಗೆ ತಲೆ ತೂರಿಸಿತು. ಇದು ಪೆಟ್ಟಿಗೆಯಲ್ಲಿ ಸಾಕುವ ಜೇನಲ್ಲ, ನೆಲದಲ್ಲಿಯೋ ಮಣ್ಣಿನ ಗೋಡೆಯಲ್ಲಿಯೋ ತೂತು ಕೊರೆದು ಒಂಟಿಯಾಗಿ ಗೂಡು ಮಾಡುವ ಜಾತಿ. ಹೊರಗೆ ಬಂದಾಗ ಅದರ ಬೆನ್ನಿನ ಮೇಲೆ ಗಂಧ ತೇದು ಬೆರಳಿನಿಂದ ಎಳೆದ ಹಾಗೆ ಒಂದು ಬಿಳಿಯ ಗೆರೆ ಇತ್ತು. ಮುಂದಿನ ಹೂವಿಗೆ ಹೋಯಿತು, ಅದರ ಮುಂದಿನದಕ್ಕೂ ಹೋಯಿತು. ಪ್ರತಿ ಸಲವೂ ಆ ಗೆರೆ ಬೆನ್ನಿನ ಅದೇ ಜಾಗದಲ್ಲಿ ದಪ್ಪವಾಗುತ್ತ ಹೋಯಿತು.

ಆ ಗೆರೆ ಅಲ್ಲಿಯೇ ಏಕೆ ಬೀಳುತ್ತದೆ ಎಂದು ತಿಳಿಯಲು ಒಂದು ಹೂವನ್ನು ಬಿಡಿಸಿ ಅಂಗೈಯಲ್ಲಿಟ್ಟುಕೊಂಡು ನೋಡಿದೆ. ಮಕರಂದ ಇರುವುದು ಹಿಂದಿನ ಬಾಲದೊಳಗೆ. ಅದಕ್ಕೆ ನಾಲಿಗೆ ಚಾಚಬೇಕಾದರೆ ಕೀಟವು ಹೂವಿನ ಬಾಯಿಯೊಳಗೆ ನುಗ್ಗಲೇಬೇಕು. ಆ ಬಾಯಿಯ ಮೇಲ್ಭಾಗದಲ್ಲಿ, ಮನೆಯ ಬಾಗಿಲಿನ ಮೇಲ್ಪಟ್ಟಿಯ ಜಾಗದಲ್ಲಿ, ಐದು ಕೇಸರಗಳು ತಲೆಗೂಡಿಸಿ ಒಂದು ಟೊಪ್ಪಿಗೆಯಂತೆ ಅಂಟಿಕೊಂಡಿರುತ್ತವೆ. ಒಳಗೆ ಹೋಗುವವರ ಬೆನ್ನಿಗೆ ಅವು ಪರಾಗವನ್ನು ಬಳಿಯುತ್ತವೆ. ಟೊಪ್ಪಿಗೆಯ ಒಳಗೆ ಶಲಾಕಾಗ್ರ, ಅಂದರೆ ಪರಾಗವನ್ನು ಪಡೆಯುವ ಹೆಣ್ಣು ಭಾಗದ ತುದಿ, ಮುಚ್ಚಿಕೊಂಡಿರುತ್ತದೆ. ಹೂವಿಗೆ ವಯಸ್ಸಾದಂತೆ ಆ ಟೊಪ್ಪಿಗೆ ಕಳಚಿ ಬೀಳುತ್ತದೆ, ಆಗ ಅದೇ ಜಾಗದಲ್ಲಿ ಶಲಾಕಾಗ್ರ ತೆರೆದುಕೊಂಡು, ಬೇರೆ ಹೂವಿನಿಂದ ಬಂದ ಕೀಟದ ಬೆನ್ನಿನ ಪರಾಗವನ್ನು ಒರೆಸಿಕೊಳ್ಳುತ್ತದೆ. ಅಂದರೆ ಪ್ರತಿ ಹೂವೂ ಮೊದಲು ಗಂಡಾಗಿದ್ದು ಆಮೇಲೆ ಹೆಣ್ಣಾಗುತ್ತದೆ, ಮತ್ತು ಎರಡೂ ಅವಸ್ಥೆಗಳಲ್ಲಿ ಕೆಲಸ ನಡೆಯುವುದು ಬಾಗಿಲಿನ ಅದೇ ಮೇಲ್ಪಟ್ಟಿಯಲ್ಲಿ. ಇದನ್ನು ಕಂಡುಕೊಂಡ ದಿನ ನಾನು ತೋಟಕ್ಕೆ ಹೋಗುವುದನ್ನೇ ಮರೆತು ಕುಳಿತಿದ್ದೆ.

ಇಷ್ಟೆಲ್ಲ ತಿಳಿದವನೇ ಎರಡು ವರ್ಷಗಳ ಹಿಂದೆ ತಪ್ಪು ಮಾಡಿದೆ. ಶ್ರಾವಣದಲ್ಲಿ ನೆಂಟರು ಬರುವವರಿದ್ದರು, ಮನೆಯ ಹಿಂದಿನ ಧರೆ ಆಳೆತ್ತರ ಹಸಿರಾಗಿತ್ತು. ಕಳೆ ಕೊಚ್ಚುವ ಯಂತ್ರದವರನ್ನು ಕರೆಸಿ, ಎಲ್ಲಿಯವರೆಗೆ ಎಂದು ಹೇಳದೆ ನಾನು ಪೇಟೆಗೆ ಹೋದೆ. ಆಯಿ ಜಗುಲಿಯಿಂದ ಕೂಗಿ ಹೇಳಿದ್ದಳು, ‘ತಮಾ, ಆ ಹೂವಿನ ಗಿಡ ಕೊಚ್ಚಡ, ಚೌತಿ ಮುಗೀಲಿ.’ ಆ ಮಾತನ್ನು ನಾನು ಕೆಲಸದವರಿಗೆ ಮುಟ್ಟಿಸಲಿಲ್ಲ. ಮಧ್ಯಾಹ್ನ ಮರಳಿದಾಗ ಧರೆ ನುಣ್ಣಗೆ ಬೋಳಾಗಿತ್ತು. ಕತ್ತರಿಸಿದ ಕಾಂಡಗಳು ಗಾಜಿನ ಕಡ್ಡಿಗಳಂತೆ ರಾಶಿ ಬಿದ್ದು ನೀರು ಸೋರಿಸುತ್ತಿದ್ದವು. ಮರುದಿನ ಬೆಳಿಗ್ಗೆ ಅದೇ ನೀಲಿ ಪಟ್ಟೆಯ ಜೇನು ಬಂದು, ಹೂ ಇದ್ದ ಎತ್ತರದಲ್ಲಿ, ಏನೂ ಇಲ್ಲದ ಗಾಳಿಯಲ್ಲಿ ಅತ್ತಿತ್ತ ಹಾರಾಡಿ ಹೋಯಿತು. ಆ ತಿಂಗಳ ಕೊನೆಯಲ್ಲಿ ಹಿತ್ತಿಲಿನ ಪೆಟ್ಟಿಗೆಯಲ್ಲಿ ಸಾಕಿದ್ದ ತುಡುವೆ ಜೇನಿನ ಕುಟುಂಬವೂ ಎದ್ದು ಹೋಯಿತು. ಹೂ ಕೊಚ್ಚಿದ್ದರಿಂದಲೇ ಹೋಯಿತು ಎಂದು ಹೇಳಿದರೆ ಅದು ಅನ್ಯಾಯವಾದೀತು, ಮಳೆಗಾಲದಲ್ಲಿ ಮೇವು ಕಡಿಮೆಯಾದಾಗ ತುಡುವೆ ಗೂಡು ಬಿಟ್ಟು ಹೋಗುವುದು ಜೇನು ಸಾಕುವವರೆಲ್ಲ ಕಂಡ ಸಂಗತಿ. ಆದರೆ ಇದ್ದ ಮೇವಿನಲ್ಲಿ ಒಂದಷ್ಟನ್ನು ನಾನೇ ಕೊಚ್ಚಿಸಿದ್ದೆ ಎಂಬುದು ಮಾತ್ರ ನಿಜ.

ನಮ್ಮ ಸೀಮೆಯ ಜೇನಿಗೆ ಹಸಿವಿನ ಕಾಲ ಬೇಸಿಗೆಯಲ್ಲ, ಮಳೆಗಾಲ. ಬೇಸಿಗೆಯಲ್ಲಿ ಕಾಡಿನ ಮರಗಳು ಹೂ ಬಿಟ್ಟು ತುಪ್ಪ ಕೂಡುತ್ತದೆ. ಆರಿದ್ರೆಯಿಂದ ಮಘೆಯವರೆಗೆ ದಿನಗಟ್ಟಲೆ ಹೊರಗೆ ಹಾರುವುದಕ್ಕೇ ಆಗುವುದಿಲ್ಲ, ಹೊಳವಾದ ಒಂದೆರಡು ತಾಸಿನಲ್ಲಿ ಹಾರಿದರೂ ಮರಗಳಲ್ಲಿ ಹೆಚ್ಚು ಹೂವಿರುವುದಿಲ್ಲ. ಸಾಕುವವರು ಸಕ್ಕರೆ ಪಾಕ ಇಟ್ಟು ಕುಟುಂಬವನ್ನು ಉಳಿಸಿಕೊಳ್ಳುತ್ತಾರೆ. ಸಕ್ಕರೆಯಿಂದ ಬೆಳೆದ ಜೇನುನೊಣದ ಹೊಟ್ಟೆ ತುಂಬಬಹುದು, ಮರಿಗಳು ಬೆಳೆಯುವುದಕ್ಕೆ ಪರಾಗವೇ ಬೇಕು. ಆ ಹೊತ್ತಿನಲ್ಲಿ ಮನೆಯ ಹತ್ತಿರದ ನೆರಳಿನಲ್ಲಿ ಅರಳುವ ನೆಲದ ಗಿಡಗಳಿಗೆ ಇರುವ ಬೆಲೆ ಮಾರ್ಚ್ ತಿಂಗಳಿನ ಹೂವಿಗೆ ಇರುವುದಿಲ್ಲ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ದೊಡ್ಡ ಪ್ರಮಾಣದಲ್ಲಿ ಅಳಿಸಿದ್ದನ್ನು ನೆನಪಿಟ್ಟುಕೊಂಡಿರುವ ಹಿರಿಯರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಜೇನು ಇಲ್ಲದ ಹಿತ್ತಿಲು ಹೇಗಿರುತ್ತದೆ ಎಂಬುದನ್ನು ಅವರನ್ನೇ ಕೇಳಬೇಕು.

ಹೂವಿನಷ್ಟೇ ಎಲೆಯೂ ಮುಖ್ಯ. ಕರ್ಣಕುಂಡಲದ ಎಲೆಯನ್ನು ತಿಂದು ಬೆಳೆಯುವ ಪತಂಗಗಳಿವೆ. ಕಿರುಬೆರಳಿನ ಗಾತ್ರದ ಕಪ್ಪು ಕಂಬಳಿ ಬಣ್ಣದ ಮೈ, ಎರಡೂ ಪಕ್ಕಗಳಲ್ಲಿ ಸಾಲಾಗಿ ಬಣ್ಣದ ಕಣ್ಣುಗಳಂಥ ಬೊಟ್ಟುಗಳು, ಹಿಂದೆ ಒಂದು ಸಣ್ಣ ಕೊಂಬು, ನಡೆಯುವಾಗ ಆ ಕೊಂಬನ್ನು ಹಿಂದಕ್ಕೂ ಮುಂದಕ್ಕೂ ಆಡಿಸುವ ಹುಳುವನ್ನು ನೀವು ಈ ಗಿಡದ ಮೇಲೆ ಕಂಡಿದ್ದರೆ ಅದು ಥೆರೆಟ್ರಾ ಎಂಬ ಗುಂಪಿನ ಪತಂಗದ ಮರಿ. ಕೊಂಬು ಕಂಡು ಹೆದರಿ ಚಪ್ಪಲಿಯಿಂದ ಹೊಸಕುವವರನ್ನು ನೋಡಿದ್ದೇನೆ. ಅದು ಚುಚ್ಚುವುದಿಲ್ಲ. ಮುಸ್ಸಂಜೆಯಲ್ಲಿ ಹೂವಿನೆದುರು ನಿಂತಲ್ಲೇ ರೆಕ್ಕೆ ಬಡಿಯುತ್ತ ಮಕರಂದ ಹೀರುವ ಪತಂಗವಾಗುವುದು ಅದೇ ಹುಳು. ಎಲೆ ತೂತಾಯಿತೆಂದು ಮದ್ದು ಹೊಡೆದರೆ ಪತಂಗವೂ ಇಲ್ಲ.

ನನ್ನ ನಿಜವಾದ ಬೇಸರ ಇರುವುದು ಇನ್ನೊಂದು ಕಡೆ. ಧರೆಯ ಮೇಲಿನ ಗಿಡವನ್ನು ಕೊಚ್ಚಿಸಿದವರೇ ಪೇಟೆಯ ನರ್ಸರಿಗೆ ಹೋಗಿ, ನೆರಳಿನಲ್ಲಿ ಬರುವ ಹೂವು ಬೇಕು ಎಂದು ಕೇಳಿ, ಕುಂಡದಲ್ಲಿರುವ ಇನ್ನೊಂದು ಇಂಪೇಷನ್ಸನ್ನು ಹಣ ಕೊಟ್ಟು ತರುತ್ತಾರೆ. ಅದು ಇಂಪೇಷನ್ಸ್ ವಾಲೆರಿಯಾನಾ, ಪೂರ್ವ ಆಫ್ರಿಕಾದ ಮೂಲದ್ದು. ಚಪ್ಪಟೆಯಾದ ಹೂವು, ವರ್ಷವಿಡೀ ಬಣ್ಣ. ಅದರ ಹೂವಿಗೂ ಚಿಟ್ಟೆ ಬರುತ್ತದೆ, ಸುಳ್ಳು ಹೇಳಬಾರದು. ಆದರೆ ಪಶ್ಚಿಮ ಘಟ್ಟದ ತಂಪು ಬೆಟ್ಟಸೀಮೆಗಳಲ್ಲಿ ಅದು ಕುಂಡ ಬಿಟ್ಟು ಹೊರಗೆ ಹಬ್ಬಿಕೊಂಡಿದೆ, ಮತ್ತು ಹಬ್ಬಿದ್ದು ನಮ್ಮ ಕಾಡಿನ ಕರ್ಣಕುಂಡಲಗಳಿಗೆ ಬೇಕಾದಂಥ ಒದ್ದೆ ನೆರಳಿನಲ್ಲಿಯೇ. ಇನ್ನು ಕೆಲವರು ನಮ್ಮದೇ ಕರ್ಣಕುಂಡಲದ, ಗುಲಾಬಿಯಂತೆ ಸುತ್ತು ಸುತ್ತಾಗಿ ದಳ ತುಂಬಿದ ಮುದ್ದೆ ಹೂವಿನ ತಳಿಯನ್ನು ತರುತ್ತಾರೆ. ನೋಡುವುದಕ್ಕೆ ಚೆಂದವೇ. ಆದರೆ ಹೆಚ್ಚಿನ ದಳಗಳು ಎಲ್ಲಿಂದ ಬಂದವು ಎಂದು ಯೋಚಿಸಬೇಕು. ಪರಾಗ ಕೊಡಬೇಕಾದ ಕೇಸರಗಳು ದಳಗಳಾಗಿ ಮಾರ್ಪಟ್ಟಾಗ ಹೂವು ಹೀಗೆ ತುಂಬುತ್ತದೆ. ಜೇನಿನ ಪಾಲಿಗೆ ಅದು ಬಾಗಿಲಿಗೆ ಕಂಬಳಿ ತುರುಕಿದ ಮನೆ. ಜೇನು, ಚಿಟ್ಟೆಗಳಿಗೆಂದು ಗಿಡ ನೆಡುವವರು ಐದು ದಳಗಳ ಸಾದಾ ಹೂವನ್ನೇ ಆರಿಸಬೇಕು.

ಆಕ್ಷೇಪಗಳಿವೆ, ಅವು ಸುಳ್ಳೂ ಅಲ್ಲ. ಹಾವು ಬರುತ್ತದೆ, ಉಂಬಳ ಹತ್ತುತ್ತದೆ, ಸೊಳ್ಳೆ ಆಗುತ್ತದೆ ಎಂದು ನಮ್ಮ ನೆರೆಮನೆಯ ಅಕ್ಕ ಪ್ರತಿ ವರ್ಷ ಹೇಳುತ್ತಾರೆ. ಬಚ್ಚಲಿಗೆ, ಬಾವಿಗೆ, ಕೊಟ್ಟಿಗೆಗೆ ಹೋಗುವ ದಾರಿಯ ಎರಡೂ ಕಡೆ ಮೂರು ಮೂರು ಅಡಿ ಬೋಳಾಗಿ ಇಟ್ಟುಕೊಳ್ಳುವುದು ಸರಿಯಾದ ಕ್ರಮವೇ. ನಾನೂ ಹಾಗೆಯೇ ಮಾಡುತ್ತೇನೆ. ನಾನು ಕೇಳುತ್ತಿರುವುದು ಅದರ ಆಚೆಯ ಜಾಗವನ್ನು, ಯಾರೂ ಕಾಲಿಡದ ಧರೆಯನ್ನು, ಮರದ ಬುಡವನ್ನು, ಅಗಳದ ಅಂಚನ್ನು. ಅಡಿಕೆ ತೋಟದ ಒಳಗೂ ಹೀಗೆಯೇ. ಅಡಿಕೆ ಮರ ಹತ್ತುವ ಕೊನೆಗೌಡ ಮದ್ದು ಹೊಡೆಯಲು ಬರುವಾಗ ಮರದ ಬುಡ ಕಾಣಬೇಕು, ಒಪ್ಪಿದೆ, ಆದರೆ ಅಷ್ಟಕ್ಕಾಗಿ ತೋಟದ ಮೇಲಿನ ಧರೆಗೂ ಗ್ಲೈಫೋಸೇಟ್ ಕಳೆನಾಶಕ ಹೊಡೆಯುವ ಅಗತ್ಯ ಯಾರಿಗೂ ಇಲ್ಲ.

ಬೆಳೆಸುವುದು ಕಷ್ಟವೇನಲ್ಲ. ಇದು ಒಂದೇ ವರ್ಷ ಬಾಳುವ ಗಿಡ. ಮೊದಲ ಮಳೆಗೆ ಹುಟ್ಟಿ, ಶ್ರಾವಣ ಭಾದ್ರಪದದಲ್ಲಿ ಹೂ ಬಿಟ್ಟು, ಮಳೆ ಹಿಂದೆ ಸರಿದು ನೆಲ ಒಣಗುತ್ತಿದ್ದಂತೆ ಬೀಜ ಸಿಡಿಸಿ ಸತ್ತುಹೋಗುತ್ತದೆ. ಮುಂದಿನ ವರ್ಷದ ಗಿಡ ಎಲ್ಲವೂ ಆ ಬೀಜದಲ್ಲಿಯೇ ಇದೆ. ನಾನು ದೀಪಾವಳಿ ಎಂದು ಗಡುವು ಹೇಳಿದ್ದು ಈ ಕಾರಣಕ್ಕೆ. ಹೂವು ಮುಗಿಯಿತಲ್ಲ ಎಂದು ನವರಾತ್ರಿಗೆ ಮೊದಲೇ ಕೊಚ್ಚಿದರೆ ಕಾಯಿ ಎಳೆಯದಾಗಿರುವಾಗಲೇ ಹೋಗುತ್ತದೆ, ಎರಡು ಮೂರು ವರ್ಷ ಹೀಗೆ ಮಾಡಿದ ಧರೆಯಲ್ಲಿ ಗಿಡ ತೆಳುವಾಗುತ್ತ ಬರುತ್ತದೆ. ದೀಪಾವಳಿ ಕಳೆದ ಮೇಲೆ ಒಣಗಿದ ಕಡ್ಡಿಗಳನ್ನು ಕತ್ತರಿಸಿ ಅಲ್ಲೇ ಹರಡಿ. ಅಡಿಕೆ ಕೊಯ್ಲಿಗೆ ಜಾಗ ಹಸನು ಮಾಡುವ ಕಾಲವೂ ಅದೇ ಆದ್ದರಿಂದ ಕೆಲಸ ಹೆಚ್ಚಾಗುವುದಿಲ್ಲ. ಹೊಸ ಜಾಗದಲ್ಲಿ ಬೆಳೆಸುವವರು ಉಬ್ಬಿ ಹಸಿರು ಮಾಸಿದ ಕಾಯಿಯನ್ನು ಪೂರ್ತಿ ಮುಷ್ಟಿಯಲ್ಲಿ ಮುಚ್ಚಿ ಹಿಡಿದು ಕೀಳಬೇಕು, ಬೆರಳತುದಿಯಿಂದ ಕಿತ್ತರೆ ಬೀಜ ಹಾರಿಹೋಗಿ ಸಿಪ್ಪೆ ಮಾತ್ರ ಉಳಿಯುತ್ತದೆ. ನೆರಳಿನಲ್ಲಿ ಒಣಗಿಸಿ ಕಾಗದದಲ್ಲಿ ಕಟ್ಟಿಟ್ಟು, ಮೃಗಶಿರೆಗೆ ಮುಂಚೆ ಮಣ್ಣನ್ನು ತುಸು ಕೆದರಿ ಮೇಲೆ ಮೇಲೆ ಎರಚಿದರೆ ಸಾಕು. ಗೊಬ್ಬರ ಬೇಡ. ಪೂರ್ತಿ ಕತ್ತಲೆಯ ಜಾಗವೂ ಬೇಡ, ಎಲೆಗಳ ನಡುವೆ ಬಿಸಿಲು ತುಂಡು ತುಂಡಾಗಿ ಬೀಳುವಂಥ ನೆರಳು ಇದಕ್ಕೆ ಹಿತ.

ಕರ್ಣಕುಂಡಲದ ಬಂಧುಬಳಗ ದೊಡ್ಡದು. ಭಾರತದಲ್ಲಿ ಇಂಪೇಷನ್ಸ್‌ನ ಇನ್ನೂರಕ್ಕೂ ಹೆಚ್ಚು ಜಾತಿಗಳಿವೆ, ಪಶ್ಚಿಮ ಘಟ್ಟದಲ್ಲಿ ಇರುವವುಗಳಲ್ಲಿ ಹೆಚ್ಚಿನವು ಬೇರೆಲ್ಲಿಯೂ ಇಲ್ಲ. ನೀರು ತೊಟ್ಟಿಕ್ಕುವ ಬಂಡೆಗೆ ಅಂಟಿಕೊಂಡು, ಎಲೆಗಳನ್ನೆಲ್ಲ ಬುಡದಲ್ಲಿಯೇ ಹರಡಿಕೊಂಡು, ಉದ್ದನೆಯ ದಂಟಿನ ಮೇಲೆ ಹೂವನ್ನು ಎತ್ತಿ ಹಿಡಿಯುವ ಇಂಪೇಷನ್ಸ್ ಅಕಾಲಿಸ್ ಕೂಡ ಇದೇ ಬಳಗದ್ದು. ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞ ಜೋಸೆಫ್ ಡಾಲ್ಟನ್ ಹೂಕರ್ 1911ರಲ್ಲಿ ತೀರಿಕೊಳ್ಳುವವರೆಗೂ ತನ್ನ ಮುಪ್ಪಿನ ವರ್ಷಗಳನ್ನು ಈ ಕುಲದ ಅಭ್ಯಾಸಕ್ಕೆ ಕೊಟ್ಟಿದ್ದ. ಒಣಗಿಸಿದ ಮಾದರಿಯಲ್ಲಿ ಈ ಹೂವು ಮುದುಡಿ ಅಂಟಿಹೋಗುವುದರಿಂದ ದೂರದಲ್ಲಿ ಕುಳಿತು ಅದನ್ನು ಓದುವುದು ಬಹಳ ಕಷ್ಟದ ಕೆಲಸವಾಗಿತ್ತು. ನಮಗೆ ಆ ಕಷ್ಟವಿಲ್ಲ, ಹಿತ್ತಿಲಿನ ಬಾಗಿಲು ತೆರೆದರೆ ಜೀವಂತ ಹೂವೇ ಇದೆ. ಬಂಡೆಯ ಜಾತಿಗಳನ್ನು ಮಾತ್ರ ದಯವಿಟ್ಟು ಯಾರೂ ಕಿತ್ತು ತರಬೇಡಿ. ಅವು ಕುಂಡದಲ್ಲಿ ಬಾಳುವಂಥವಲ್ಲ.

ಕಳೆದ ವರ್ಷ ನಮ್ಮ ಧರೆಯಲ್ಲಿ ಬರೀ ಹನ್ನೊಂದು ಗಿಡ ಹುಟ್ಟಿದ್ದವು, ಎಣಿಸಿದ್ದೆ. ಒಂದನ್ನೂ ಮುಟ್ಟಲಿಲ್ಲ. ಈ ವರ್ಷ ಎಣಿಸುವುದು ಸಾಧ್ಯವಿಲ್ಲದಷ್ಟು ಇವೆ, ಕೆಳಗಿನ ಕಲ್ಲುಪಾಗಾರದ ಸಂದಿಯಲ್ಲೂ ಬಂದಿವೆ. ಆಯಿ ಚೌತಿಗೆ ಒಂದು ಬುಟ್ಟಿ ಹೂ ಕೊಯ್ದಳು, ಉಳಿದದ್ದನ್ನು ಗಿಡದಲ್ಲೇ ಬಿಟ್ಟಳು. ತುಡುವೆಯ ಪೆಟ್ಟಿಗೆ ಇನ್ನೂ ಖಾಲಿಯಿದೆ, ಬಾಯಿಗೆ ಮೇಣ ಸವರಿ ಇಟ್ಟಿದ್ದೇನೆ. ನವರಾತ್ರಿ ಕಳೆದ ಮೇಲೆ ಬೀಜ ಕೂಡಿಡುತ್ತೇನೆ, ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರು ಯಾರಿಗಾದರೂ ಬೇಕಿದ್ದರೆ ಈಗಲೇ ತಿಳಿಸಿಡಿ, ಮೇ ತಿಂಗಳ ಒಳಗೆ ತಲುಪಿಸುತ್ತೇನೆ.