ಮೊದಲು ನಿಮ್ಮೂರು ಹೇಳಿ

ಹುಬ್ಬಳ್ಳಿ–ವಿಜಯಪುರ ರಸ್ತೆಯಲ್ಲಿ ಯಾರನ್ನಾದರೂ ಮಾತಾಡಿಸಿ ನೋಡಿ. ನಿಮ್ಮ ಪ್ರಶ್ನೆಗೆ ಉತ್ತರ ಆಮೇಲೆ. "ಯಾವೂರ್ರಿ? ಮಳಿ ಆಗೇತೇನ್ರಿ ನಿಮ್ಮ ಕಡೆ? ಯಾರ ಪೈಕಿ?" ಕೊನೆಯದರಲ್ಲಿ ಜಾತಿ ವಿಚಾರಣೆಯೂ ಇರುತ್ತದೆ, ಅದು ನನಗೆ ಹಿಡಿಸಲ್ಲ. ಉಳಿದದ್ದು ನ್ಯಾಯವೇ. ನಿಮ್ಮದು ಹೇಳದೆ ಅವರದು ಕೇಳಬಾರದು.

ಈಗ ಮೊಬೈಲ್ ಹಿಡಿದು "ಅಜ್ಜಾ, ನಿಮ್ಮ ಕಥೆ ಹೇಳಿ" ಅನ್ನುವವರು ಜಾಸ್ತಿ. ಅಜ್ಜ ಟವೆಲ್ ಸರಿ ಮಾಡಿಕೊಂಡು "ಎಲ್ಲಾ ಆರಾಮ್ ಐತ್ರಿ" ಅಂತ ಮುಗಿಸುತ್ತಾನೆ. ಒಳ್ಳೇದೇ ಆಯ್ತು.

ಹೆದ್ದಾರಿಯ ನಂಬರು 218 ಇದ್ದದ್ದು 52 ಆಗಿದೆ. ಇಲ್ಲಿಯವರಿಗೆ ಅದು ಇವತ್ತಿಗೂ ಹುಬ್ಬಳ್ಳಿ ರೋಡೇ. ಆದರೆ ಇದೇ ರಸ್ತೆಯಲ್ಲಿ ಕೃಷ್ಣೆಯ ಆಚೀಚೆ ಇರುವ ಕೊಲ್ಹಾರ, ಕೊರ್ತಿ ಕಡೆ ಬೇರೆ ಎರಡು ನಂಬರು ಎಲ್ಲರ ಬಾಯಲ್ಲೂ ಇವೆ: 519.6 ಮತ್ತು 524.256. ಆಲಮಟ್ಟಿ ಡ್ಯಾಮಿನ ನೀರು ಈಗ ನಿಲ್ಲುವ ಮಟ್ಟ ಮೊದಲನೆಯದು, ಮೀಟರಿನಲ್ಲಿ. 2010ರಲ್ಲಿ ಕೃಷ್ಣಾ ನೀರು ಹಂಚಿಕೆಯ ನ್ಯಾಯಾಧಿಕರಣ ಒಪ್ಪಿದ್ದು ಎರಡನೆಯದು. ನಡುವಿನ ನಾಲ್ಕೂವರೆ ಮೀಟರ್ ಚಿಲ್ಲರೆಯಲ್ಲಿ ಯಾರ ಹೊಲ ಹೋಗುತ್ತದೆ, ಯಾರದು ಉಳಿಯುತ್ತದೆ ಅನ್ನೋದು ಚಹಾ ಕೊಡುವ ಹುಡುಗನಿಗೂ ಗೊತ್ತು.

ಕೊಲ್ಹಾರದಲ್ಲಿ ಮೊಸರು ಮಾರುವ ಅವ್ವ ಕುಡಿಕೆಯನ್ನೇ ಬೋರಲು ಹಿಡಿದು ತೋರಿಸಿದಳು. ಮೊಸರು ಅಲ್ಲಾಡಲಿಲ್ಲ. "ಮನ್ಯಾಗ ಎಮ್ಮಿ ಎಷ್ಟ ಅದಾವು?" ಅಂದಳು. ಒಂದೂ ಇಲ್ಲ, ಪ್ಯಾಕೆಟ್ ಹಾಲು ಅಂದೆ. ಎಷ್ಟು ಮರುಗಿದಳು ಅಂತೀರಿ! ಆ ಕನಿಕರದಲ್ಲೇ ನೀರಲ್ಲಿ ಮುಳುಗಿದ ಹಳೇ ಕೊಲ್ಹಾರದ ಓಣಿ, ತನ್ನ ತವರಿನ ದನದ ಕೊಟ್ಟಿಗೆ ಎಲ್ಲಾ ಹೇಳಿದಳು. ನಾನು ಏನೂ ಕೇಳಿರಲಿಲ್ಲ.

ಸೇತುವೆ ದಾಟಿದ ಮೇಲೆ ಚಹಾದಂಗಡಿಯಲ್ಲಿ ಒಬ್ಬ ರೈತರನ್ನು "ನಿಮ್ಮ ಹೊಲ ಎಲ್ಲಿ ಬರುತ್ತೆ?" ಅಂದೆ. "ಸರ್ವೇದವ್ರೇನ್ರಿ ನೀವು?" ಅಂದರು. ಅವರಾದರೂ ಏನು ಮಾಡಿಯಾರು? ಆ ಊರುಗಳಿಗೆ ಪ್ರಶ್ನೆ ಕೇಳಲು ಬಂದವರೆಲ್ಲ ಬಗಲಲ್ಲಿ ಫೈಲು ಇಟ್ಟುಕೊಂಡೇ ಬಂದವರು. ಅಳೆದರು, ಬರೆದುಕೊಂಡರು, ಹೋದರು.

ರಸ್ತೆ ಅಗಲ ಮಾಡುವಾಗ ನಮ್ಮಪ್ಪನ ಜಮೀನೂ ಹೋಯ್ತು, ಪರಿಹಾರ ಸಾಲದು ಅಂತ ಕೇಸು ನಡೀತಿದೆ ಅಂದೆ. ಕುರ್ಚಿ ಹತ್ತಿರ ಎಳೆದುಕೊಂಡರು. ಬಾವಿಗೆಷ್ಟು, ಪೈಪ್‌ಲೈನ್‌ಗೆಷ್ಟು, ಮಾವಿನ ಗಿಡಕ್ಕೆಷ್ಟು ಹಿಡಿದಾರು ಅಂತ ಬೆರಳು ಮಡಚಿ ಲೆಕ್ಕ ಹೇಳಿದರು. ಆಮೇಲೆ ಅವರ ಸರದಿ: ಕೇಸು ಎಷ್ಟು ವರ್ಷ ಆಯ್ತು, ವಕೀಲರು ಎಷ್ಟು ಪರ್ಸೆಂಟ್ ಕೇಳ್ತಾರೆ, ದುಡ್ಡು ಕೈಗೆ ಬಂದ ಮೇಲೆ ಅಣ್ಣತಮ್ಮಂದಿರು ಮಾತಾಡ್ತಾರೋ ಇಲ್ವೋ?