ಒಂದ್ನಿಮಿಷ, ಬೆಳಕು ಚೆನ್ನಾಗಿದೆ

ರಾತ್ರಿ ಮಳೆ ಬಂದಿದ್ದರೆ ಬೆಳಗ್ಗೆ ಒಗೆದ ಬಟ್ಟೆ ಸ್ವಲ್ಪ ಹೊತ್ತು ಬಕೆಟ್ಟಿನಲ್ಲೇ ಕೂತಿರಬೇಕು. ಇದು ನಮ್ಮ ಮನೆಯ ಕಾನೂನು. ಕಾನೂನು ಮಾಡಿದವನು ನಾನು, ಮುರಿಯುವವಳು ನನ್ನ ಹೆಂಡತಿ.

ಕಾರಣ ಇದೆ. ಬಟ್ಟೆ ಹರವುವ ತಂತಿಯ ಉದ್ದಕ್ಕೂ ನೀರಿನ ಹನಿಗಳು ಜೋತುಬಿದ್ದಿರುತ್ತವೆ. ಒಂದು ಹನಿಯ ಹತ್ತಿರ ಹೋಗಿ ನೋಡಿ. ಎದುರು ಮನೆ, ಅದರ ಹಿಂದಿನ ಮರ, ಮರದ ಮೇಲಿನ ಆಕಾಶ, ಎಲ್ಲ ಅದರೊಳಗೆ ತಲೆಕೆಳಗಾಗಿ ನಿಂತಿರುತ್ತವೆ. ಹನಿಯೇ ಒಂದು ಲೆನ್ಸ್. ಅದರ ಉಬ್ಬಿದ ಮೈಯೊಳಗೆ ಹಾಯುವಾಗ ಬೆಳಕು ಬಾಗುತ್ತದೆ, ಆಚೆಗಿನ ಪ್ರಪಂಚ ಪಲ್ಟಿ ಹೊಡೆಯುತ್ತದೆ. ದುಡ್ಡು ಕೊಟ್ಟು ತಂದ ಲೆನ್ಸಿನಿಂದ ಈ ಬಿಟ್ಟಿ ಲೆನ್ಸಿನ ಫೋಟೋ ತೆಗೆಯುವುದು ನನ್ನ ಹುಚ್ಚು.

ಆದರೆ ಅಷ್ಟು ಹತ್ತಿರದಿಂದ ತೆಗೆಯುವಾಗ ಫೋಕಸ್ಸಿಗೆ ಸಿಗುವ ಜಾಗ ಒಂದೆರಡು ಮಿಲಿಮೀಟರ್ ಇದ್ದರೆ ಹೆಚ್ಚು. ಹನಿಯ ಅಂಚು ಸ್ಪಷ್ಟವಾದರೆ ಒಳಗಿನ ಮರ ಮಸುಕು. ಮರ ಸಿಕ್ಕಿತು ಅನ್ನುವಷ್ಟರಲ್ಲಿ ಗಾಳಿ. ಗಾಳಿ ನಿಂತರೆ ನನ್ನ ಉಸಿರು. ಉಸಿರು ಬಿಗಿಹಿಡಿದು, ಒಂದು ಮೊಣಕಾಲು ಊರಿ, ಮರದ ಕೊಂಬೆಗಳು ಕೂಡ ಒಂದೊಂದಾಗಿ ಎಣಿಸುವ ಹಾಗೆ ಕಂಡು, ಬೆರಳು ಒತ್ತಬೇಕು ಅನ್ನುವ ಹೊತ್ತಿಗೆ ತಂತಿಯ ಆ ತುದಿಯಲ್ಲಿ ಟಪ್ ಅಂತ ಸದ್ದಾಗುತ್ತದೆ. ಒದ್ದೆ ಟವೆಲ್ ಬಿದ್ದಿದೆ. ಅಷ್ಟೂ ಹನಿಗಳು ಒಟ್ಟಿಗೆ ನೆಲಕ್ಕೆ.

"ಒಂದ್ನಿಮಿಷ ಅಂದಿದ್ನಲ್ಲ!"

"ನಿಮ್ಮ ಒಂದು ನಿಮಿಷ ಮುಗಿಯೋ ಹೊತ್ತಿಗೆ ಮತ್ತೆ ಮಳೆ ಬರತ್ತೆ ರೀ."

ಅವಳದ್ದೂ ತಪ್ಪಿಲ್ಲ ಬಿಡಿ. ಹವ್ಯಾಸಿ ಫೋಟೋಗ್ರಾಫರನ ಒಂದು ನಿಮಿಷಕ್ಕೆ ಅರವತ್ತು ಸೆಕೆಂಡಿನ ಲೆಕ್ಕ ಇಲ್ಲ. ಜೊತೆಗೆ, ಒಳ್ಳೆಯ ಬೆಳಕು ಬರುವುದು ಸರಿಯಾಗಿ ಮನೆಯವರಿಗೆಲ್ಲ ಅವಸರ ಇರುವ ಹೊತ್ತಿನಲ್ಲೇ. ಸೂರ್ಯ ಕೆಳಗಿರುವಾಗ ಬೆಳಕು ತುಂಬಾ ಗಾಳಿಯ ಪದರ ದಾಟಿ ಬರಬೇಕು. ದಾರಿಯಲ್ಲೇ ನೀಲಿ ಚದುರಿಹೋಗಿ ಹಳದಿ, ಕೆಂಪು ಉಳಿಯುತ್ತವೆ. ಆಗ ನೆಲ ಒರೆಸುವ ಬಟ್ಟೆಗೂ ಒಂದು ಕಳೆ ಬರುತ್ತದೆ. ಮಗಳು ಶಾಲೆಗೆ ಹೊರಡುವುದೂ ಅದೇ ಹೊತ್ತಿಗೆ. ಅವಳು ಒಂದು ಕಾಲಿಗೆ ಮಾತ್ರ ಶೂ ಹಾಕಿಕೊಂಡು, ಬಾಗಿಲಿನಲ್ಲಿ ಬಿದ್ದ ಬಿಸಿಲಿನ ಪಟ್ಟಿಯೊಳಗೆ ಕೂತು, ಇನ್ನೊಂದು ಶೂ ಎಲ್ಲಿ ಅಂತ ಕಿರುಚುತ್ತಿರುತ್ತಾಳೆ. ಎಂಥ ಚೆಂದದ ಫ್ರೇಮ್! ಇನ್ನೊಂದು ಶೂ ನನ್ನ ಕಣ್ಣ ಮುಂದೆಯೇ ಇರುತ್ತದೆ. ಹೇಳಿದರೆ ಅವಳು ಎದ್ದುಬಿಡುತ್ತಾಳೆ ಅಲ್ವಾ?

ಒಮ್ಮೆ ಇದೇ ತಡದ ವಿಷಯಕ್ಕೆ ಮಗಳಿಗೂ ನನಗೂ ವಾದ ಬಂತು. ನಾನು ಬಚ್ಚಲಿನ ಖಾಲಿ ಬಕೆಟ್ಟಿನ ಮೇಲೆ ಬಿದ್ದ ಕಿಟಕಿ ಸರಳಿನ ನೆರಳನ್ನು ತೆಗೆಯುತ್ತಿದ್ದೆ. ಅವಳು ಹಲ್ಲುಜ್ಜುವ ಬ್ರಷ್ ಹಿಡಿದು ಹೊರಗೆ ಕಾಯುತ್ತಿದ್ದಳು. ನಾನು ಇತಿಹಾಸಕ್ಕೆ ಕೈ ಹಾಕಿದೆ. "ನೋಡು ಪುಟ್ಟಿ, 1975ರಲ್ಲಿ ಕೊಡಾಕ್ ಕಂಪನಿಯ ಸ್ಟೀವ್ ಸ್ಯಾಸನ್ ಅನ್ನೋ ಎಂಜಿನಿಯರ್ ಮೊದಲ ಡಿಜಿಟಲ್ ಕ್ಯಾಮೆರಾ ಮಾಡಿದ್ರು. ಒಂದು ಕಪ್ಪು ಬಿಳುಪು ಫೋಟೋ ಕ್ಯಾಸೆಟ್ಟಿನ ಟೇಪಿಗೆ ಇಳಿಯೋಕೆ 23 ಸೆಕೆಂಡ್ ಬೇಕಿತ್ತು. ಅದೂ 0.01 ಮೆಗಾಪಿಕ್ಸೆಲ್ ಫೋಟೋ. ಅವರ ಮನೆಯವರು ಸುಮ್ನಿರಲಿಲ್ವಾ?"

"ಅವರು ಕ್ಯಾಮೆರಾ ಕಂಡುಹಿಡೀತಿದ್ರು ಅಪ್ಪ. ನೀನು ಬಕೆಟ್ ಫೋಟೋ ತೆಗೀತಿದ್ದೀಯ."

ಬಾಯಿ ಮುಚ್ಚಿಕೊಂಡು ಹೊರಗೆ ಬಂದೆ. ನೆರಳು ಮಾತ್ರ ಸಿಕ್ಕಿತ್ತು.

ಇಷ್ಟೆಲ್ಲ ಬಯ್ಯುವವರೇ ಬಂಧುಗಳೆಲ್ಲ ಸೇರಿದ ದಿನ "ನಿನ್ನ ಕ್ಯಾಮೆರಾ ಎಲ್ಲಿ?" ಅನ್ನುತ್ತಾರೆ. ಅಂದರೆ ಗ್ರೂಪ್ ಫೋಟೋ. ಕಾಡುಪ್ರಾಣಿಗಳ ಫೋಟೋ ತೆಗೆಯುವವರ ತಾಳ್ಮೆಯನ್ನು ಜನ ಹೊಗಳುತ್ತಾರೆ. ಹುಲಿ ಒಂದು ಬಂದರೆ ಸಾಕು, ಪಕ್ಕದ ಹುಲಿ ಕೈ ತೊಳೆಯೋಕೆ ಹೋಗಿದೆ ಅಂತ ಕಾಯಬೇಕಾಗಿಲ್ಲ. ಇಲ್ಲಿ ಭಾವ ಬಂದರೆ ಅತ್ತಿಗೆ ಇಲ್ಲ, ಅತ್ತಿಗೆ ಸಿಕ್ಕಿದರೆ ಮಕ್ಕಳಿಲ್ಲ. ಮಕ್ಕಳನ್ನು ಹಿಡಿದು ತಂದು ಮುಂದೆ ಕೂರಿಸುವಷ್ಟರಲ್ಲಿ ಹಿಂದಿನ ಸಾಲಿನವರು ಊಟಕ್ಕೆ ಕೂತಿರುತ್ತಾರೆ.

ಎಲ್ಲರೂ ನಿಂತರು ಅಂದುಕೊಳ್ಳಿ. ಆಗ ಬರುತ್ತದೆ ಕಣ್ಣಿನ ಸಮಸ್ಯೆ. ಮನುಷ್ಯ ನಿಮಿಷಕ್ಕೆ ಹದಿನೈದು ಇಪ್ಪತ್ತು ಸಲ ಕಣ್ಣು ಮಿಟುಕಿಸುತ್ತಾನೆ. ಹಾಗಾದರೆ ಎಲ್ಲರ ಕಣ್ಣೂ ತೆರೆದಿರುವ ಒಂದು ಫೋಟೋ ಬೇಕಾದರೆ ಎಷ್ಟು ತೆಗೆಯಬೇಕು? ತಮಾಷೆ ಅಂದುಕೊಳ್ಳಬೇಡಿ, ಇದಕ್ಕೆ ನಿಜವಾಗಿಯೂ ಲೆಕ್ಕ ಹಾಕಿದವರಿದ್ದಾರೆ. ಆಸ್ಟ್ರೇಲಿಯಾದ ಸಿಎಸ್‌ಐಆರ್‌ಓ ಸಂಸ್ಥೆಯ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್. ಇದಕ್ಕೇ ಅವರಿಗೆ 2006ರಲ್ಲಿ ಗಣಿತದ ಇಗ್ ನೊಬೆಲ್ ಬಂತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು. ಅವರ ಸೂತ್ರ ಸರಳ. ಇಪ್ಪತ್ತಕ್ಕಿಂತ ಕಡಿಮೆ ಜನ ಇದ್ದರೆ, ಬೆಳಕು ಚೆನ್ನಾಗಿದ್ದಾಗ ಜನರ ಸಂಖ್ಯೆಯನ್ನು ಮೂರರಿಂದ ಭಾಗಿಸಿ, ಬೆಳಕು ಕಡಿಮೆ ಇದ್ದರೆ ಎರಡರಿಂದ. ಹನ್ನೆರಡು ಜನರಿಗೆ ಒಳ್ಳೆ ಬೆಳಕಿನಲ್ಲಿ ನಾಲ್ಕು ಫೋಟೋ, ಮಬ್ಬು ಬೆಳಕಿನಲ್ಲಿ ಆರು.

ಸೂತ್ರ ಸರಿ ಇದೆ. ಆದರೆ ಅವರು ನಮ್ಮ ಚಿಕ್ಕಪ್ಪನನ್ನು ನೋಡಿಲ್ಲ. ಚಿಕ್ಕಪ್ಪ ಮಾತಾಡುವಾಗ, ಊಟ ಮಾಡುವಾಗ, ಟಿವಿ ನೋಡುವಾಗ ಕಣ್ಣು ಅಗಲಿಸಿಯೇ ಇರುತ್ತಾರೆ. "ರೆಡಿ, ಒಂದು, ಎರಡು" ಅಂದರೆ ಸಾಕು, ಮೂರಕ್ಕೆ ಸರಿಯಾಗಿ ಮುಚ್ಚುತ್ತಾರೆ. ಹೇಳದೆ ತೆಗೆದರೆ ಆ ಕಡೆ ತಿರುಗಿ ಯಾರನ್ನೋ ಕರೆಯುತ್ತಿರುತ್ತಾರೆ. ಒಮ್ಮೆ ನಾನು ಜಾಣತನ ಮಾಡಿ, ಎಲ್ಲರೂ ಕಣ್ಣು ಮುಚ್ಚಿ, ಮೂರು ಅಂದಾಗ ಬಿಡಿ ಅಂದೆ. ಎಲ್ಲರೂ ಬಿಟ್ಟರು. ಚಿಕ್ಕಪ್ಪ "ಮೂರು ಅಂದ್ಯಾ?" ಅಂತ ಕೇಳುತ್ತಿರುವುದು ಫೋಟೋದಲ್ಲಿ ಚೆನ್ನಾಗಿ ಬಂದಿದೆ. ಕಣ್ಣು ಮುಚ್ಚಿದೆ.

ಹಳೆಯ ಕಾಲದ ಕ್ಯಾಮೆರಾ ಇಂಥವರಿಗೆ ತಕ್ಕ ಶಾಸ್ತಿ ಮಾಡುತ್ತಿತ್ತು. 1838ರಲ್ಲಿ ಲೂಯಿ ಡಗೇರ್ ಪ್ಯಾರಿಸ್ಸಿನ ಒಂದು ಗಿಜಿಗುಡುವ ಬೀದಿಯ ಫೋಟೋ ತೆಗೆದ. ಬೀದಿಯಲ್ಲಿ ಗಾಡಿಗಳೂ ಜನರೂ ಓಡಾಡುತ್ತಿದ್ದರೂ ಫೋಟೋದಲ್ಲಿ ಬೀದಿ ಹೆಚ್ಚುಕಮ್ಮಿ ಖಾಲಿ. ಆಗ ಒಂದು ಚಿತ್ರ ಮೂಡಲು ನಿಮಿಷಗಟ್ಟಲೆ ಬೆಳಕು ಬೀಳಬೇಕಿತ್ತು. ಓಡಾಡುತ್ತಿದ್ದವರೆಲ್ಲ ಮಾಯ. ಉಳಿದದ್ದು ಬೂಟ್ ಪಾಲಿಶ್ ಮಾಡಿಸಿಕೊಳ್ಳುತ್ತಾ ನಿಂತಂತೆ ಕಾಣುವ ಒಬ್ಬ ಮನುಷ್ಯ. ಅವನು ಸ್ವಲ್ಪ ಹೊತ್ತು ಒಂದೇ ಕಡೆ ನಿಂತಿದ್ದ, ಅದಕ್ಕೇ ಇವತ್ತಿಗೂ ಇದ್ದಾನೆ. ಫೋಟೋದಲ್ಲಿ ಸಿಕ್ಕ ಮೊದಲ ಮನುಷ್ಯರ ಪೈಕಿ ಅವನ ಹೆಸರು ಬರುತ್ತದೆ ಅನ್ನೋಣ ಅಂದರೆ ಹೆಸರೇ ಗೊತ್ತಿಲ್ಲ ಪಾಪ. ಆ ಕ್ಯಾಮೆರಾದಲ್ಲಿ ನಮ್ಮ ಬಂಧುಬಳಗದ ಗ್ರೂಪ್ ಫೋಟೋ ತೆಗೆದಿದ್ದರೆ ಕೊನೆಗೆ ಉಳಿಯುತ್ತಿದ್ದದ್ದು ಖಾಲಿ ಕುರ್ಚಿಗಳು, ಮತ್ತು ಒಂದು ಕುರ್ಚಿಯಲ್ಲಿ ನಿದ್ದೆ ಹೋದ ಅಜ್ಜಿ.

ನಾನು? ನಾನು ಯಾವ ಕ್ಯಾಮೆರಾದಲ್ಲೂ ಇಲ್ಲ. ಟೈಮರ್ ಹಾಕಿ ಓಡಬಹುದು. ಹತ್ತು ಸೆಕೆಂಡ್ ಕೊಡುತ್ತದೆ. ಆದರೆ ಎಲ್ಲಿ ನಿಲ್ಲಲಿ ಅಂತ ಜಾಗ ಹುಡುಕುವುದಕ್ಕೇ ಒಂಬತ್ತು ಬೇಕು. ಹಾಗಾಗಿ ಅಂಥ ಫೋಟೋಗಳಲ್ಲಿ ನಾನು ಒಂದು ಬೆನ್ನು. ನಮ್ಮ ಆಲ್ಬಮ್ ನೋಡಿದ ದೂರದ ನೆಂಟರೊಬ್ಬರು ಮಗಳ ಹತ್ತಿರ ತಗ್ಗಿದ ದನಿಯಲ್ಲಿ, "ಅಪ್ಪ ಬೇರೆ ಊರಲ್ಲಿದ್ದಾರಾ ಮರಿ?" ಅಂತ ಕೇಳಿದರಂತೆ.

ಇದೆಲ್ಲ ಸೇರಿ ಹಾರ್ಡ್ ಡಿಸ್ಕ್ ತುಂಬುತ್ತದೆ. "ಇಷ್ಟೊಂದು ಯಾರು ನೋಡ್ತಾರೆ?" ಅಂತ ಹೆಂಡತಿ ಕೇಳಿದಾಗ ನಾನು ವಿವಿಯನ್ ಮೇಯರ್ ಕಥೆ ಹೇಳಿದೆ. ಅಮೆರಿಕದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದ ಹೆಂಗಸು. ಬಿಡುವಾದಾಗಲೆಲ್ಲ ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡು ಬೀದಿ ಸುತ್ತುತ್ತಿದ್ದರು. ಲಕ್ಷಕ್ಕಿಂತ ಜಾಸ್ತಿ ಫೋಟೋ ತೆಗೆದರು. ಎಷ್ಟೋ ರೋಲುಗಳನ್ನು ತೊಳೆಸಲೇ ಇಲ್ಲ. 2007ರಲ್ಲಿ ಶಿಕಾಗೋದಲ್ಲಿ ಅವರ ಪೆಟ್ಟಿಗೆಗಳು ಹರಾಜಿಗೆ ಬಂದವು. ಅವರು ತೀರಿಕೊಂಡದ್ದು 2009ರಲ್ಲಿ. ಹೆಸರು ಬಂದದ್ದು ಅದಾದ ಮೇಲೆ. ಫೋಟೋ ತೆಗೆಯುವ ಖುಷಿ ತೆಗೆಯುವುದರಲ್ಲೇ ಇದೆ, ನೋಡುವವರು ಬೇಕೇ ಬೇಕು ಅಂತಿಲ್ಲ, ಅಂತ ನಾನು ಸ್ವಲ್ಪ ಗದ್ಗದನಾಗಿಯೇ ಹೇಳಿದೆ.

ಅವಳು ಗಮನವಿಟ್ಟು ಕೇಳಿದಳು. "ಅಂದ್ರೆ ಅವರು ತೆಗೆದದ್ದನ್ನೆಲ್ಲ ಮನೆಗೆ ಬಂದೋರಿಗೆ ಕೂರಿಸಿಕೊಂಡು ತೋರಿಸ್ತಿರಲಿಲ್ಲ?"

"ಇಲ್ಲ."

"ಒಳ್ಳೇದು. ನೀವೂ ಹಾಗೇ ಮಾಡಿ."

ಮನೆಯೊಳಗೆ ಮರ್ಯಾದೆ ಇಷ್ಟು. ಹೊರಗಿನ ಕಥೆ ಬೇರೆ. ಪಕ್ಕದ ಮನೆಯ ಕಿಟಕಿಯ ಸಜ್ಜಾದ ಮೇಲೆ ಗುಬ್ಬಚ್ಚಿ ಗೂಡು ಕಟ್ಟುತ್ತಿತ್ತು. ಎಲ್ಲಿಂದಲೋ ತನ್ನ ಮೈಗಿಂತ ಉದ್ದದ ಒಣಹುಲ್ಲು ತರುವುದು, ಅಡ್ಡಲಾಗಿ ಹಿಡಿದು ಸಂದಿಯೊಳಗೆ ನುಗ್ಗಲು ನೋಡುವುದು, ಎರಡೂ ಕಡೆ ತಡೆಯುವುದು, ಹಿಂದೆ ಸರಿದು ಮತ್ತೆ ನುಗ್ಗುವುದು. ಅದು ತಲೆ ಓರೆ ಮಾಡಿದಾಗ ಹುಲ್ಲು ತಾನಾಗಿ ಒಳಗೆ ಹೋಗುತ್ತಿತ್ತು. ಆ ಓರೆ ತಲೆಗಾಗಿ ನಾನು ಉದ್ದದ ಲೆನ್ಸ್ ಹಾಕಿ ತಾರಸಿಯ ಮೇಲೆ ಕೂತೆ. ಉದ್ದದ ಲೆನ್ಸ್ ಯಾವುದರ ಕಡೆ ತಿರುಗಿದೆ ಅಂತ ತಿಳಿಯುವುದು ಹಿಂದೆ ಕೂತವನಿಗೆ ಮಾತ್ರ. ಮುಂದಿನವರಿಗೆ ಕಾಣುವುದು ತಮ್ಮ ಕಿಟಕಿಗೆ ಗುರಿಯಿಟ್ಟ ಕೊಳವೆ.

ಸಂಜೆ ಪಕ್ಕದ ಮನೆಯವರು ಬಂದರು. ಎಂದೂ ನಗದ ಮನುಷ್ಯ. "ಏನು ಸಾರ್, ನಮ್ಮ ಮನೆ ಕಡೆ ಜಾಸ್ತಿ ನೋಡ್ತಿದ್ದೀರಂತೆ?" ನಾನು ಕ್ಯಾಮೆರಾ ತಂದು ಪರದೆಯಲ್ಲಿ ಗುಬ್ಬಚ್ಚಿ ತೋರಿಸಿದೆ. ಹುಲ್ಲು ಅಡ್ಡ, ಹುಲ್ಲು ಅಡ್ಡ, ಹುಲ್ಲು ಅಡ್ಡ, ತಲೆ ಓರೆ. ಅವರು ಬಗ್ಗಿ ನೋಡಿದರು. ಹಿಂದಕ್ಕೆ ಹೋಗಿ ಇನ್ನೊಮ್ಮೆ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಹೇಗೂ ಕ್ಯಾಮೆರಾ ಇದೆಯಲ್ಲ, ನಂಗೊಂದು ಪಾಸ್‌ಪೋರ್ಟ್ ಫೋಟೋ ತೆಗೀತೀರಾ?" ಅಂದರು.

ಹೆಂಡತಿ ಬಿಳಿ ಬೆಡ್‌ಶೀಟ್ ಹಿಡಿದು ಹಿಂದೆ ನಿಂತಳು. ಪಾಸ್‌ಪೋರ್ಟ್ ಫೋಟೋಗೆ ನೂರೆಂಟು ಕಟ್ಟಳೆ. ಕಣ್ಣು ತೆರೆದಿರಬೇಕು, ಬಾಯಿ ಮುಚ್ಚಿರಬೇಕು, ಮುಖ ನೇರ ಇರಬೇಕು, ಹಿಂದೆ ನೆರಳು ಬೀಳಬಾರದು, ನಗಬಾರದು. "ನಗಬಾರದು" ಅಂದದ್ದೇ ತಡ, ಅವರಿಗೆ ನಗು ಶುರುವಾಯಿತು. ಮೊದಲು ತುಟಿಯ ತುದಿಯಲ್ಲಿ, ಆಮೇಲೆ ಭುಜದಲ್ಲಿ, ಕೊನೆಗೆ ಬೆಡ್‌ಶೀಟೂ ಅಲ್ಲಾಡತೊಡಗಿತು. ಹಿಂದಿನಿಂದ ನನ್ನ ಹೆಂಡತಿಯೂ ನಗುತ್ತಿದ್ದಳು. ಕಟ್ಟಳೆಗೆ ಹೊಂದುವ ಫೋಟೋ ಅವತ್ತು ಸಿಗಲಿಲ್ಲ. ಅವರು ನಗುತ್ತಿರುವ ಒಂದನ್ನು ಪ್ರಿಂಟ್ ಹಾಕಿಸಿ ಕೊಟ್ಟೆ. ಅದೀಗ ಅವರ ಮನೆಯ ಗೋಡೆಯ ಮೇಲಿದೆ. ಪಾಸ್‌ಪೋರ್ಟ್ ಫೋಟೋ ಬೇರೆ ಕಡೆ ತೆಗೆಸಿಕೊಂಡರು.

ಅಲ್ಲಿಗೆ ಮುಗಿಯಲಿಲ್ಲ. ಸ್ವಲ್ಪ ದಿನ ಬಿಟ್ಟು ಅವರೂ ಒಂದು ಕ್ಯಾಮೆರಾ ತಂದರು. ಐಎಸ್‌ಓ ಅಂದರೇನು, ಅಪರ್ಚರ್ ಸಂಖ್ಯೆ ಚಿಕ್ಕದಾದರೆ ತೂತು ಯಾಕೆ ದೊಡ್ಡದಾಗುತ್ತದೆ, ಎಲ್ಲ ಕೇಳಿಕೊಂಡು ಹೋಗುತ್ತಾರೆ. ಮೊನ್ನೆ ಸಂಜೆ ಅವರ ಮನೆಯವರು ಗೇಟಿನ ಹತ್ತಿರ ನನ್ನ ಹೆಂಡತಿಯನ್ನು ಹಿಡಿದು ನಿಲ್ಲಿಸಿ, ಬಾಗಿಲ ಚಿಲಕದ ಫೋಟೋ ತೆಗೆಯುತ್ತಾ ತನ್ನನ್ನು ಎಷ್ಟು ಹೊತ್ತು ಹೊರಗೇ ನಿಲ್ಲಿಸಿದರು ಅಂತ ದೂರು ಹೇಳುತ್ತಿದ್ದರು. ಇವಳು ತನ್ನ ಪಟ್ಟಿ ತೆಗೆದಳು. ಇಬ್ಬರ ಕೈಯೂ ಗಾಳಿಯಲ್ಲಿ ಆಡುತ್ತಿತ್ತು, ಓರೆಯಾಗಿ ಬಿದ್ದ ಬಿಸಿಲಿಗೆ ಮುಖಗಳು ಹೊಳೆಯುತ್ತಿದ್ದವು. ನಾವಿಬ್ಬರೂ ತಾರಸಿಯ ಮೇಲಿದ್ದೆವು, ಕೈಯಲ್ಲಿ ಕ್ಯಾಮೆರಾ ಇತ್ತು. ನಾನು ಹಳಬ, ಸುಮ್ಮನಿದ್ದೆ. ಅವರು ಹೊಸಬರು, ಗೋಡೆಯ ಮೇಲಿಂದ ಬಗ್ಗಿ, "ಒಂದ್ನಿಮಿಷ, ಹಾಗೇ ನಿಂತಿರಿ!" ಅಂತ ಕೂಗಿಯೇಬಿಟ್ಟರು.