ದುಡ್ಡು ಬಿಟ್ಟು ಬೇರೆ ಏನು ಬೇಕಾದರೂ ಕೇಳಿ

2025ರ ಜುಲೈನಲ್ಲಿ ಅಮೆರಿಕದ ಹರಾಜೊಂದರಲ್ಲಿ ಒಂದು ಮರದ ಬಂಡಿ 1 ಕೋಟಿ 47 ಲಕ್ಷ ಡಾಲರ್‌ಗೆ ಹೋಯಿತು. ನಮ್ಮ ಲೆಕ್ಕದಲ್ಲಿ 120 ಕೋಟಿ ರೂಪಾಯಿಗೂ ಜಾಸ್ತಿ. ಬಂಡಿ ಅಂದರೂ ಚಕ್ರವಿಲ್ಲ, ಮಕ್ಕಳು ಹಿಮದ ಮೇಲೆ ಜಾರಾಡುವಂಥದ್ದು. 1941ರ 'ಸಿಟಿಜನ್ ಕೇನ್' ಸಿನಿಮಾದ್ದು ಅನ್ನುವುದೇ ಅದರ ಮಹಿಮೆ. ಇಡೀ ಸಿನಿಮಾಕ್ಕೆ ಆಗ ತಗುಲಿದ್ದು ಸುಮಾರು 8 ಲಕ್ಷ 40 ಸಾವಿರ ಡಾಲರ್. ಬೆಲೆಯೇರಿಕೆ ಸೇರಿಸಿ ನೋಡಿದರೂ ಬಂಡಿ ಸಿನಿಮಾದ ಹತ್ತಿರ ಹತ್ತಿರವೇ ಬರುತ್ತದೆ.

ಆ ಸಿನಿಮಾ ಮಾಡಿದ ನಿರ್ದೇಶಕ ಆರ್ಸನ್ ವೆಲ್ಸ್ ಮಾತ್ರ ಜೀವಮಾನವಿಡೀ ದುಡ್ಡು ಹುಡುಕುತ್ತಾ ಅಲೆದ. ಹಾಗಂತ ಹಾಲಿವುಡ್‌ಗೆ ಆತನ ಮೇಲೆ ಗೌರವವಿರಲಿಲ್ಲ ಅಂತ ಯಾರೂ ಹೇಳಬಾರದು. ಬೇಕಾದಷ್ಟಿತ್ತು. ಆತ ಸಿನಿಮಾ ಮಾಡುತ್ತೇನೆ ಅಂತ ಹಟ ಹಿಡಿಯದಿದ್ದರೆ ಸಾಕಿತ್ತು.

ಮೊದಮೊದಲು ಪ್ರೀತಿ ಉಕ್ಕಿ ಹರಿಯುತ್ತಿತ್ತು. 1939ರಲ್ಲಿ 24 ವರ್ಷದ ಹುಡುಗನಿಗೆ ಆರ್‌ಕೆಒ ಎಂಬ ಸಿನಿಮಾ ಕಂಪನಿ ಕರೆದು ಕೆಲಸ ಕೊಟ್ಟಿತು. ಎಡಿಟಿಂಗ್‌ನಲ್ಲಿ ಕೊನೆ ಮಾತೂ ನಿನ್ನದೇ ಅಂದಿತು. ಹುಡುಗ 'ಕೇನ್' ಮಾಡಿದ. ಪತ್ರಿಕಾ ದೊರೆ ವಿಲಿಯಂ ರಾಂಡೊಲ್ಫ್ ಹರ್ಸ್ಟ್‌ಗೆ ಅದು ತನ್ನದೇ ಕಥೆ ಅನ್ನಿಸಿ ಸಿಟ್ಟು ಬಂತು. ಆತನ ಪೇಪರುಗಳು ಸಿನಿಮಾದ ಜಾಹೀರಾತನ್ನೂ ಹಾಕಲಿಲ್ಲ. ಒಂಬತ್ತು ಆಸ್ಕರ್ ನಾಮನಿರ್ದೇಶನ ಬಂದವು. ಕೈಗೆ ಬಂದದ್ದು ಚಿತ್ರಕಥೆಯ ಒಂದೇ ಪ್ರಶಸ್ತಿ, ಅದರಲ್ಲೂ ಅರ್ಧ ಪಾಲು ಜೊತೆಗೆ ಬರೆದ ಹರ್ಮನ್ ಮ್ಯಾಂಕಿವಿಚ್‌ದು.

ಎರಡನೇ ಸಿನಿಮಾ 'ದಿ ಮ್ಯಾಗ್ನಿಫಿಸೆಂಟ್ ಆಂಬರ್ಸನ್ಸ್'. 1942ರಲ್ಲಿ ವೆಲ್ಸ್ ಬ್ರೆಜಿಲ್‌ನಲ್ಲಿದ್ದ. ಅದೂ ಮಜಾ ಮಾಡಲು ಹೋಗಿದ್ದಲ್ಲ, ಯುದ್ಧದ ಕಾಲದಲ್ಲಿ ಎರಡು ದೇಶಗಳ ಸ್ನೇಹ ಬೆಳೆಸಲಿ ಅಂತ ಕಂಪನಿಯವರೇ ಕಳಿಸಿದ್ದು. ಇತ್ತ ಪೊಮೋನಾ ಎಂಬ ಊರಿನಲ್ಲಿ, ಹಾಡು ಕುಣಿತದ ಸಿನಿಮಾ ನೋಡಲು ಬಂದಿದ್ದವರಿಗೆ ಅದರ ಬೆನ್ನಲ್ಲೇ ಈ ದುಃಖದ ಕಥೆ ತೋರಿಸಿದರು. ಅವರು ನಕ್ಕರು. ಕಂಪನಿ ಗಾಬರಿಯಾಗಿ 40 ನಿಮಿಷಕ್ಕೂ ಹೆಚ್ಚು ಕತ್ತರಿಸಿ ಹಾಕಿತು. ಬೇರೆಯವರ ಕೈಯಲ್ಲಿ ಸುಖಾಂತ್ಯವೊಂದನ್ನು ಶೂಟ್ ಮಾಡಿಸಿ ಅಂಟಿಸಿತು. ಕತ್ತರಿಸಿದ್ದನ್ನಾದರೂ ಇಟ್ಟುಕೊಂಡಿತೇ? ಇಲ್ಲ, ನಾಶ ಮಾಡಿತು. ಕೆಲಸ ಅಂದರೆ ಹೀಗೆ ಅಚ್ಚುಕಟ್ಟಾಗಿರಬೇಕು ನೋಡಿ.

ಅಲ್ಲಿಂದ ಮುಂದೆ ನಟನೆಯಲ್ಲಿ ದುಡಿದದ್ದನ್ನು ನಿರ್ದೇಶನಕ್ಕೆ ಸುರಿಯುವುದು ಆತನ ಕಸುಬಾಯಿತು. 'ಒಥೆಲೊ' ಚಿತ್ರೀಕರಣಕ್ಕೆ ಮೊರಾಕ್ಕೊಗೆ ಹೋದರೆ ಬಟ್ಟೆಗಳೇ ಬಂದಿರಲಿಲ್ಲ. ಕೊಲೆಯ ದೃಶ್ಯವನ್ನು ಸ್ನಾನದ ಮನೆಗೆ ಸಾಗಿಸಿ, ನಟರಿಗೆ ಟವೆಲ್ ಸುತ್ತಿಸಿ ತೆಗೆದ. ಅದಕ್ಕೆ 1952ರಲ್ಲಿ ಕಾನ್ ಚಿತ್ರೋತ್ಸವದ ದೊಡ್ಡ ಬಹುಮಾನ ಬಂತು, ಮೊರಾಕ್ಕೊ ದೇಶದ ಹೆಸರಿನಲ್ಲಿ. 'ಟಚ್ ಆಫ್ ಈವಿಲ್' ಸಿನಿಮಾವನ್ನು ಕಂಪನಿಯವರು ತಿದ್ದಿದಾಗ, ದಯವಿಟ್ಟು ಹೀಗೆ ಸರಿಮಾಡಿ ಅಂತ 58 ಪುಟ ಬರೆದುಕೊಟ್ಟ. ಆ ಪುಟಗಳ ಪ್ರಕಾರ ಹೊಸ ಎಡಿಟಿಂಗ್ ಆಗಿದ್ದು 1998ರಲ್ಲಿ. ಬರೆದವನು ತೀರಿಕೊಂಡು 13 ವರ್ಷವಾಗಿತ್ತು. ಕಡತ ಸ್ವಲ್ಪ ನಿಧಾನವಾಗಿ ಚಲಿಸಿತು, ಅಷ್ಟೇ.

ಸನ್ಮಾನಗಳು ಮಾತ್ರ ಎಂದೂ ತಡವಾಗಲಿಲ್ಲ. 1971ರಲ್ಲಿ ಗೌರವ ಆಸ್ಕರ್ ಕೊಟ್ಟರು. 1975ರಲ್ಲಿ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಜೀವಮಾನ ಸಾಧನೆಯ ಪ್ರಶಸ್ತಿ ಕೊಟ್ಟಿತು. ದುಡ್ಡಿರುವವರೆಲ್ಲ ಒಂದೇ ಕಡೆ ಸೇರಿದ್ದಾರೆ, ಇಂಥ ಅವಕಾಶ ಬಿಡುವುದುಂಟೇ? ಅರ್ಧಕ್ಕೆ ನಿಂತಿದ್ದ ತನ್ನ 'ದಿ ಅದರ್ ಸೈಡ್ ಆಫ್ ದಿ ವಿಂಡ್' ಚಿತ್ರದ ತುಣುಕುಗಳನ್ನು ವೆಲ್ಸ್ ಅಲ್ಲೇ ತೋರಿಸಿದ. ಅದರಲ್ಲೊಂದು ದೃಶ್ಯದಲ್ಲಿ ವಯಸ್ಸಾದ ನಿರ್ದೇಶಕನೊಬ್ಬನ ಕಡೆಯವನು ಸ್ಟುಡಿಯೊ ಯಜಮಾನನಿಗೆ ಅರ್ಧಂಬರ್ಧ ಸಿನಿಮಾ ತೋರಿಸಿ ದುಡ್ಡು ಕೇಳುತ್ತಾನೆ. ಇದಕ್ಕಿಂತ ಬಿಡಿಸಿ ಹೇಳುವುದು ಹೇಗೆ? ಸಭಿಕರು ಚಪ್ಪಾಳೆ ತಟ್ಟಿದರು. ಜೇಬಿಗೆ ಯಾರೂ ಕೈ ಹಾಕಲಿಲ್ಲ.

ಹೊಟ್ಟೆಪಾಡಿಗೆ ಆತ ಬಟಾಣಿ ಮಾರಿದ, ಮೀನಿನ ತುಂಡು ಮಾರಿದ, ವೈನ್ ಮಾರಿದ. ಎಲ್ಲ ಜಾಹೀರಾತಿನಲ್ಲಿ, ಆ ಗುಡುಗಿನ ದನಿಯಲ್ಲಿ. ಹದ ಬರುವ ಮೊದಲು ನಾವು ವೈನ್ ಮಾರುವುದೇ ಇಲ್ಲ ಅನ್ನುವುದು ಪಾಲ್ ಮ್ಯಾಸನ್ ಕಂಪನಿಯ ಜಾಹೀರಾತಿನ ಸಾಲು. ದ್ರಾಕ್ಷಿಯ ಮೇಲಿದ್ದ ಈ ತಾಳ್ಮೆ ಹಾಲಿವುಡ್‌ಗೆ ಆತನ ಸಿನಿಮಾಗಳ ಮೇಲೆ ಇರಲಿಲ್ಲ. ಕೊನೆಯ ಕೆಲಸಗಳಲ್ಲೊಂದು, ಆಟಿಕೆಗಳ ಕಾರ್ಟೂನ್ ಸಿನಿಮಾದಲ್ಲಿ ಗ್ರಹಗಳನ್ನು ನುಂಗುವ ರಾಕ್ಷಸನಿಗೆ ದನಿ ಕೊಟ್ಟಿದ್ದು. 1985ರ ಅಕ್ಟೋಬರ್ 10ರಂದು ತೀರಿಕೊಂಡ.

ತೀರಿಕೊಂಡ ಮೇಲೆ ಎಲ್ಲ ಸುಸೂತ್ರವಾಯಿತು. ಅರ್ಧಕ್ಕೆ ನಿಂತ ಆ ಸಿನಿಮಾ 2018ರಲ್ಲಿ ನೆಟ್‌ಫ್ಲಿಕ್ಸ್ ದುಡ್ಡಿನಲ್ಲಿ ಮುಗಿಯಿತು. ಆತನ ಒಂದೇ 'ಕೇನ್' ಆಸ್ಕರ್ ಪ್ರತಿಮೆ 2011ರಲ್ಲಿ 8 ಲಕ್ಷ 61 ಸಾವಿರ ಡಾಲರ್‌ಗೆ ಹರಾಜಾಯಿತು. ಆ ಪ್ರತಿಮೆ ತಂದುಕೊಟ್ಟ ಸಿನಿಮಾದ ಖರ್ಚಿಗಿಂತ ಇದೇ ತುಸು ಜಾಸ್ತಿ. ಈಗ ಆರ್ಟಿಫಿಶಿಯಲ್ ಇಂಟೆಲಿಜೆನ್ಸ್ ಕಂಪನಿಯೊಂದು, 'ಆಂಬರ್ಸನ್ಸ್' ಚಿತ್ರದಲ್ಲಿ ನಾಶವಾದ 43 ನಿಮಿಷಗಳನ್ನು ಕಂಪ್ಯೂಟರ್‌ನಲ್ಲಿ ಮತ್ತೆ ಸೃಷ್ಟಿಸುತ್ತೇವೆ ಅಂತ 2025ರಲ್ಲಿ ಘೋಷಿಸಿದೆ. ನಿಜವಾದ ನಟರು, ನಿಜವಾದ ಸೆಟ್ಟು, ನಿಜವಾದ ರೀಲು ಇದ್ದಾಗ ಎಸೆದದ್ದನ್ನು ಈಗ ಯಂತ್ರ ಊಹಿಸಿ ಕೊಡುತ್ತದಂತೆ. ಈ ಸಲ ದುಡ್ಡಿಗೆ ತೊಂದರೆ ಇದ್ದಂತಿಲ್ಲ. ನಿರ್ದೇಶಕ 58 ಪುಟ ಬರೆದು ತಕರಾರು ಮಾಡುವ ಭಯವೂ ಇಲ್ಲ.